ಕಂಪನಿ ಮೇಲೆ ಕೇಸು ಬಿದ್ದರೆ ನಮ್ಮ ಮನೆಗೆ ಸಮನ್ಸ್ ಬರುತ್ತಾ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕೂ ಜಾಸ್ತಿ ಒಂದೇ ವಿಷಯದ ಸುತ್ತ ಇವೆ. ಶೇರು ಇರುವ ಕಂಪನಿ ಮೇಲೆ ಕೇಸು, ಅದರ ಎಂಡಿ ಮೇಲೆ ಕೇಸು, ಮುಂದೇನು ಅಂತ. ಕಾಫಿಗೆ ಒಳ್ಳೆ ರೇಟು ಬಂದ ವರ್ಷ ಕೈಯಲ್ಲಿ ನಾಲ್ಕು ಕಾಸು ಆಡಿ ಶೇರಿಗೆ ಇಳಿದವರು ನಮ್ಮ ಕಡೆ ಕಡಿಮೆ ಇಲ್ಲ ಅಲ್ವಾ, ಹಾಗಾಗಿ ನನಗೇನೂ ಆಶ್ಚರ್ಯ ಆಗಲಿಲ್ಲ. ಹಾಸನ, ಚಿಕ್ಕಮಗಳೂರು ಕಡೆಯ ನಾಲ್ಕು ಪತ್ರ ಆರಿಸಿಕೊಂಡಿದ್ದೇನೆ. ಅವುಗಳಲ್ಲಿದ್ದ ಕಂಪನಿಗಳ ಹೆಸರು ತೆಗೆದುಹಾಕಿದ್ದೇನೆ. ಕೇಸು ಇನ್ನೂ ನಡೆಯುತ್ತಿರುವಾಗ ಹೆಸರು ಹಿಡಿದು ಆಡುವುದು ಸರಿಯಲ್ಲ.

ಪ್ರಶ್ನೆ: ಒಂದು ಲಿಸ್ಟೆಡ್ ಕಂಪನಿಯ 400 ಶೇರು ನನ್ನ ಹೆಸರಿನಲ್ಲಿವೆ. ಅದೇ ಕಂಪನಿಯಲ್ಲಿ ನನ್ನ ಮನೆಯವರ ಹೆಸರಿನಲ್ಲಿ 3 ಲಕ್ಷ ರೂಪಾಯಿ ಡೆಪಾಸಿಟ್ ಇದೆ. ಈಗ ಕಂಪನಿ ದಿವಾಳಿ ಕೇಸಿಗೆ ಸಿಕ್ಕಿಕೊಂಡಿದೆ, ಎಂಡಿ ಮತ್ತು ಇಬ್ಬರು ಡೈರೆಕ್ಟರ್‌ಗಳ ಮೇಲೆ ಬೇರೆ ಕೇಸುಗಳಿವೆ. ಪೇಪರಿನಲ್ಲಿ ಬಂದ ಪ್ರಕಟಣೆಯಲ್ಲಿ 'ಸಾಲಗಾರರು 14 ದಿನದೊಳಗೆ ಕ್ಲೇಮು ಸಲ್ಲಿಸಬೇಕು' ಅಂತಿದೆ. ನಾನು ಜನ್ಮದಲ್ಲಿ ಸಾಲ ಮಾಡಿದವನಲ್ಲ. ಶೇರು ಇದ್ದವನೂ ಕಂಪನಿಯ ಮಾಲೀಕನೇ ಅನ್ನುತ್ತಾರೆ. ಹಾಗಾದರೆ ಕಂಪನಿಯ ಸಾಲಕ್ಕೆ ನನ್ನ ಮನೆಗೆ ಬರುತ್ತಾರಾ? ನಿದ್ದೆ ಬರುತ್ತಿಲ್ಲ.
ನಿವೃತ್ತ ಶಿಕ್ಷಕರು, ಹಾಸನ

ಉತ್ತರ: ಮೇಷ್ಟ್ರೇ, ಮೊದಲು ನಿದ್ದೆ ಮಾಡಿ. ನಿಮ್ಮ ಮನೆಗೆ ಯಾರೂ ಬರುವುದಿಲ್ಲ.

ನೀವು ಪತ್ರದ ಜೊತೆ ಇಟ್ಟಿದ್ದ ಪೇಪರ್ ಕಟಿಂಗ್ ನೋಡಿದೆ. 'ಸಾಲಗಾರರು' ಅನ್ನುವ ಪದದ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದು ಪಕ್ಕದಲ್ಲಿ ಪ್ರಶ್ನೆ ಗುರುತು ಹಾಕಿದ್ದೀರಿ. ವರ್ಷಗಟ್ಟಲೆ ಉತ್ತರ ಪತ್ರಿಕೆ ತಿದ್ದಿದ ಕೈ ಅನ್ನುವುದು ನೋಡಿದರೇ ಗೊತ್ತಾಗುತ್ತದೆ. ತಪ್ಪು ಹಿಡಿದ ಜಾಗವೂ ಸರಿಯಾಗಿಯೇ ಇದೆ. ಕನ್ನಡದಲ್ಲಿ ಸಾಲಗಾರ ಅಂದರೆ ಸಾಲ ಮಾಡಿದವನೂ ಹೌದು, 'ಸಾಲಗಾರರು ಬಾಗಿಲಿಗೆ ಬಂದು ಕೂತರು' ಅನ್ನುವಾಗ ಸಾಲ ಕೊಟ್ಟವನೂ ಹೌದು. ಪ್ರಕಟಣೆ ಬರೆದವರು ಎರಡನೇ ಅರ್ಥದಲ್ಲಿ ಬರೆದಿದ್ದಾರೆ, ನೀವು ಮೊದಲನೇ ಅರ್ಥದಲ್ಲಿ ಓದಿದ್ದೀರಿ. 'ಕಂಪನಿಯಿಂದ ಹಣ ಬರಬೇಕಾದವರು' ಅಂತ ಬರೆದಿದ್ದರೆ ನಿಮ್ಮ ನಾಲ್ಕು ರಾತ್ರಿಯ ನಿದ್ದೆ ಉಳಿಯುತ್ತಿತ್ತು.

ಇನ್ನು ಮಾಲೀಕ ಅನ್ನುವ ಮಾತು. ಕಾನೂನಿನ ಲೆಕ್ಕದಲ್ಲಿ ಕಂಪನಿ ಅನ್ನುವುದು ನಿಮ್ಮಿಂದ ಬೇರೆಯಾದ ಒಬ್ಬ ವ್ಯಕ್ತಿ. ಅದರ ಸಾಲ ಅದರದ್ದು. ಶೇರಿಗೆ ಪೂರ್ತಿ ಹಣ ಕಟ್ಟಿದ ಮೇಲೆ ನಿಮ್ಮ ಹೊಣೆ ಅಲ್ಲಿಗೆ ಮುಗಿಯಿತು, ಶೇರಿನ ಬೆಲೆ ಸೊನ್ನೆಗೆ ಬರಬಹುದೇ ಹೊರತು ಸೊನ್ನೆಯಿಂದ ಕೆಳಗೆ ಇಳಿದು ನಿಮ್ಮ ಪಿಂಚಣಿಗೆ ಕೈ ಹಾಕುವುದಿಲ್ಲ. ಅದೇ ನಾಲ್ಕು ಜನ ಸೇರಿ ಹಾಸನದಲ್ಲಿ ಪಾಲುದಾರಿಕೆಯಲ್ಲಿ ಒಂದು ಆಲೂಗಡ್ಡೆ ಮಂಡಿ ಇಟ್ಟಿದ್ದರೆ ಕಥೆ ಬೇರೆ. ಅಲ್ಲಿ ಮಂಡಿಯ ಸಾಲಕ್ಕೆ ಪಾಲುದಾರನ ಮನೆಯೂ ಹೋಗಬಹುದು.

ಈಗ ಮುಖ್ಯ ವಿಷಯ. ನೀವು ಹೆದರಿದ್ದು ಶೇರಿನ ಬಗ್ಗೆ, ಆದರೆ ಓಡಾಡಬೇಕಾಗಿರುವುದು ಡೆಪಾಸಿಟ್ ಬಗ್ಗೆ. ನಿಮ್ಮ ಮನೆಯವರು ಕಂಪನಿಗೆ ಸಾಲ ಕೊಟ್ಟವರು. ಆ ಪ್ರಕಟಣೆ ಕರೆದಿರುವುದೇ ಅವರನ್ನು! ಎನ್‌ಸಿಎಲ್‌ಟಿ, ಅಂದರೆ ಕಂಪನಿ ಕಾನೂನು ಟ್ರಿಬ್ಯೂನಲ್, ದಿವಾಳಿ ಅರ್ಜಿಯನ್ನು ಒಪ್ಪಿಕೊಂಡ ಮೇಲೆ ಕಂಪನಿಯ ಆಡಳಿತ ಮಂಡಳಿಯ ಅಧಿಕಾರ ತೆಗೆದು ಒಬ್ಬ ರೆಸಲ್ಯೂಷನ್ ಪ್ರೊಫೆಷನಲ್ ಕೈಗೆ ಕೊಡುತ್ತದೆ. ಯಾರಿಗೆ ಎಷ್ಟು ಬಾಕಿ ಅಂತ ಪಟ್ಟಿ ಮಾಡುವುದು ಅವರ ಮೊದಲ ಕೆಲಸ. ಪಟ್ಟಿಗೆ ಹೆಸರು ಹತ್ತಬೇಕಾದರೆ ಫಾರ್ಮ್ ತುಂಬಿ ಕೊಡಬೇಕು. ಯಾವ ಫಾರ್ಮ್, ಯಾವ ವಿಳಾಸ, ಕೊನೇ ದಿನಾಂಕ ಯಾವುದು ಅನ್ನುವುದೆಲ್ಲ ಅದೇ ಕಟಿಂಗ್‌ನಲ್ಲಿ ಅಚ್ಚಾಗಿದೆ, ಸಣ್ಣ ಅಕ್ಷರ, ಕನ್ನಡಕ ಹಾಕಿಕೊಂಡು ನೋಡಿ. ಡೆಪಾಸಿಟ್ ರಸೀದಿ, ಪ್ಯಾನ್, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸ್ ಸೇರಿಸಿ. ಬಡ್ಡಿಯನ್ನು ಇವತ್ತಿನವರೆಗೆ ಹಾಕಬೇಡಿ, ಟ್ರಿಬ್ಯೂನಲ್ ಅರ್ಜಿ ಒಪ್ಪಿದ ದಿನದವರೆಗೆ ಮಾತ್ರ ಲೆಕ್ಕ ಹಾಕಿ. ಇಮೇಲ್ ಮಾಡಿದರೂ ನಡೆಯುತ್ತದೆ. ಇದಕ್ಕೆ ಶುಲ್ಕ ಇಲ್ಲ. 'ನಿಮ್ಮ ಕ್ಲೇಮು ಪಾಸ್ ಮಾಡಿಸಿಕೊಡುತ್ತೇನೆ' ಅಂತ ಫೋನ್ ಬಂದರೆ ಕಟ್ ಮಾಡಿ. 14 ದಿನ ದಾಟಿ ಹೋಗಿದ್ದರೂ 90 ದಿನದೊಳಗೆ ಕೊಟ್ಟರೆ ತೆಗೆದುಕೊಳ್ಳುತ್ತಾರೆ. ಪತ್ರಿಕೆ ಬರುವವರೆಗೂ ಕಾಯುವುದು ಬೇಡ ಅಂತಲೇ ಇಷ್ಟನ್ನು ನಿಮಗೆ ಫೋನಿನಲ್ಲಿ ಹೇಳಿದ್ದೆ. ಉಳಿದ ಓದುಗರಿಗಾಗಿ ಇಲ್ಲಿ ಮತ್ತೆ ಬರೆದಿದ್ದೇನೆ.

ಎಷ್ಟು ಬರಬಹುದು? ಮದುವೆ ಮನೆ ಊಟದ ಪಂಕ್ತಿ ನೆನಪು ಮಾಡಿಕೊಳ್ಳಿ. ದಿವಾಳಿ ಪ್ರಕ್ರಿಯೆಯ ಖರ್ಚು ಮೊದಲ ಪಂಕ್ತಿ. ಆಮೇಲೆ ಕಾರ್ಮಿಕರ ಬಾಕಿ, ಅವರ ಪಕ್ಕದಲ್ಲೇ ಆಸ್ತಿ ಅಡ ಇಟ್ಟುಕೊಂಡು ಸಾಲ ಕೊಟ್ಟ ಬ್ಯಾಂಕುಗಳು. ನಿಮ್ಮ ಮನೆಯವರ ಥರ ಅಡಮಾನ ಇಲ್ಲದೆ ಹಣ ಕೊಟ್ಟವರು ಅವರಾದ ಮೇಲೆ. ಶೇರು ಇರುವ ನೀವು ಕಟ್ಟಕಡೆಯ ಪಂಕ್ತಿ, ಅಷ್ಟು ಹೊತ್ತಿಗೆ ಪಾಯಸ ಇರಲಿ, ಅನ್ನ ಸಾರು ಉಳಿದಿದ್ದರೆ ದೊಡ್ಡದು. ಡಿಎಚ್‌ಎಫ್‌ಎಲ್ ಅನ್ನುವ ದೊಡ್ಡ ಗೃಹಸಾಲ ಕಂಪನಿ 2019ರ ಕೊನೆಗೆ ದಿವಾಳಿ ಪ್ರಕ್ರಿಯೆಗೆ ಹೋಯಿತು. 2021ರಲ್ಲಿ ಪಿರಾಮಲ್ ಗುಂಪು ಅದನ್ನು ಕೊಂಡಿತು. ದೊಡ್ಡ ಮೊತ್ತದ ಎಫ್‌ಡಿ ಇಟ್ಟವರಿಗೆ ಕಾಲು ಭಾಗವೂ ಪೂರ್ತಿ ಸಿಗಲಿಲ್ಲ. ಶೇರುದಾರರಿಗೆ ಸಿಕ್ಕಿದ್ದು ಸೊನ್ನೆ. ನಿಮ್ಮ 400 ಶೇರನ್ನು ಮನಸ್ಸಿನಲ್ಲೇ ಸೊನ್ನೆ ಅಂತ ಬರೆದುಕೊಳ್ಳಿ, ಮೂರು ಲಕ್ಷದ ಬೆನ್ನು ಹತ್ತಿ.

ಡೈರೆಕ್ಟರ್‌ಗಳ ಮೇಲಿನ ಕೇಸು ಅದರ ಪಾಡಿಗೆ ಅದು ನಡೆಯುತ್ತದೆ. ದಿವಾಳಿ ಪ್ರಕ್ರಿಯೆ ಶುರುವಾದರೆ ಕಂಪನಿ ಮೇಲಿನ ವಸೂಲಿ ದಾವೆಗಳಿಗೆ ತಡೆ ಬೀಳುತ್ತದೆ. ಆದರೆ ಆ ತಡೆ ಕಂಪನಿಗೆ ಮಾತ್ರ. ಚೆಕ್ ಬೌನ್ಸ್ ಕೇಸಿನಲ್ಲಿ ಕಂಪನಿಯನ್ನು ಬಿಟ್ಟು ಡೈರೆಕ್ಟರ್‌ಗಳ ಮೇಲೆ ಮುಂದುವರಿಯಬಹುದು ಅಂತ ಸುಪ್ರೀಂ ಕೋರ್ಟ್ 2021ರ ಮಾರ್ಚ್‌ನಲ್ಲಿ ಹೇಳಿದೆ. ಅವರಿಗೆ ಶಿಕ್ಷೆ ಆದರೆ ನಿಮಗೆ ಸಮಾಧಾನ ಆಗಬಹುದು, ದುಡ್ಡು ಬರುವ ದಾರಿ ಅದಲ್ಲ.

ಪ್ರಶ್ನೆ: ಸಾರ್, ನನ್ನ ಹತ್ತಿರ ಇರುವ ಶೇರಿನ ಕಂಪನಿ ಮೇಲೆ ಅಮೆರಿಕದಲ್ಲಿ 'ಕ್ಲಾಸ್ ಆಕ್ಷನ್', ಅಂದರೆ ಶೇರುದಾರರೆಲ್ಲರ ಪರವಾಗಿ ಒಂದೇ ಕೇಸು, ಹಾಕಿದ್ದಾರಂತೆ. ಅಲ್ಲಿ ಗೆದ್ದರೆ ಶೇರುದಾರರಿಗೆಲ್ಲ ದುಡ್ಡು ಹಂಚುತ್ತಾರೆ ಅಂತ ಅಲ್ಲಿರುವ ಭಾವಮೈದ ಹೇಳಿದ. ನನ್ನ 150 ಶೇರಿಗೂ ಬರುತ್ತಾ? ಇಲ್ಲಿ ನಾವೇ ಅಂಥ ಕೇಸು ಹಾಕಬಹುದಾ?
ಕಾಫಿ ಬೆಳೆಗಾರರು, ಮೂಡಿಗೆರೆ

ಉತ್ತರ: ಮುಂಬೈ ಪೇಟೆಯಲ್ಲಿ ಕೊಂಡ ಶೇರಾದರೆ ಬರುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಅಮೆರಿಕದ ಶೇರು ಕಾನೂನು ಅಲ್ಲಿ ನಡೆದ ವ್ಯಾಪಾರಕ್ಕೆ ಮಾತ್ರ ಅನ್ವಯ ಅಂತ ಅಲ್ಲಿನ ಸುಪ್ರೀಂ ಕೋರ್ಟ್ 2010ರಲ್ಲೇ ತೀರ್ಮಾನ ಮಾಡಿದೆ. ನಮ್ಮ ಕೆಲವು ಕಂಪನಿಗಳ ಶೇರು ನ್ಯೂಯಾರ್ಕ್‌ನಲ್ಲೂ ಎಡಿಆರ್ ಅನ್ನುವ ರೂಪದಲ್ಲಿ ಮಾರಾಟ ಆಗುತ್ತದೆ. ಅದನ್ನು ಕೊಂಡವರಿಗೆ ಆ ನ್ಯಾಯ. ಒಂದೇ ಗಿಡದ ಕಾಫಿ, ಆದರೆ ಯಾವ ಮಂಡಿಯಲ್ಲಿ ತೂಕ ಹಾಕಿಸಿದಿರಿ ಅನ್ನುವುದರ ಮೇಲೆ ದುಡ್ಡು.

ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂ ಕಥೆ ನಿಮಗೆ ನೆನಪಿರಬಹುದು. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು ಅವರು ಒಂದು ಪತ್ರ ಬರೆದು, ಲೆಕ್ಕದಲ್ಲಿ ತೋರಿಸಿದ ಬ್ಯಾಂಕ್ ಹಣದಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಅಂತ ಒಪ್ಪಿಕೊಂಡರು. ಶೇರು ಒಂದೇ ದಿನದಲ್ಲಿ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಬಿತ್ತು. ಅಮೆರಿಕದಲ್ಲಿ ಕೇಸು ಹಾಕಿದವರ ಜೊತೆ ಕಂಪನಿ 2011ರಲ್ಲಿ 12.5 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು, ಆಡಿಟ್ ಸಂಸ್ಥೆಯೂ 2.55 ಕೋಟಿ ಡಾಲರ್ ಕೊಟ್ಟಿತು. ಇಲ್ಲಿ ಶೇರು ಇಟ್ಟುಕೊಂಡಿದ್ದವರು ಕೋರ್ಟು, ಗ್ರಾಹಕ ಆಯೋಗ ಅಂತ ಅಲೆದು ಬರಿಗೈಲಿ ವಾಪಸ್ ಬಂದರು. ಯಾಕೆಂದರೆ ಆಗ ನಮ್ಮಲ್ಲಿ ಅಂಥ ಕಾನೂನೇ ಇರಲಿಲ್ಲ. ಕ್ರಿಮಿನಲ್ ಕೇಸು ಬೇರೆ ನಡೆದು, 2015ರ ಏಪ್ರಿಲ್‌ನಲ್ಲಿ ಹೈದರಾಬಾದಿನ ವಿಶೇಷ ಕೋರ್ಟು ರಾಜು ಸೇರಿ ಹತ್ತು ಜನಕ್ಕೆ 7 ವರ್ಷ ಶಿಕ್ಷೆ ಕೊಟ್ಟಿತು. ಮುಂದಿನ ತಿಂಗಳೇ ಮೇಲ್ಮನವಿಯಲ್ಲಿ ಶಿಕ್ಷೆಗೆ ತಡೆ ಬಂದು ಜಾಮೀನು ಆಯಿತು. ಇದರಲ್ಲಿ ಎಲ್ಲಿಯೂ ಇಲ್ಲಿನ ಸಣ್ಣ ಶೇರುದಾರನ ಖಾತೆಗೆ ದುಡ್ಡು ಬಂದ ಸಾಲು ಇಲ್ಲ ನೋಡಿ.

ಆಮೇಲೆ ಕಾನೂನು ಬಂತು. 2013ರ ಕಂಪನಿ ಕಾಯ್ದೆಯ 245ನೇ ಸೆಕ್ಷನ್. ಜಾರಿಗೆ ಬಂದದ್ದು 2016ರಲ್ಲಿ, ಎಷ್ಟು ಜನ ಬೇಕು ಅನ್ನುವ ನಿಯಮ ಬಂದದ್ದು 2019ರಲ್ಲಿ. ಸರ್ಕಾರದ ಗಡಿಯಾರ! ಆ ನಿಯಮದ ಪ್ರಕಾರ 100 ಜನ ಶೇರುದಾರರು, ಅಥವಾ ಒಟ್ಟು ಸದಸ್ಯರಲ್ಲಿ ನೂರಕ್ಕೆ 5, ಯಾವುದು ಕಡಿಮೆಯೋ ಅಷ್ಟು ಜನ ಸೇರಿದರೆ ಸಾಕು. ಇಲ್ಲವೇ ಲಿಸ್ಟೆಡ್ ಕಂಪನಿಯಲ್ಲಿ ನೂರಕ್ಕೆ 2ರಷ್ಟು ಶೇರು ಇದ್ದವರು ಸೇರಬಹುದು. ಕಂಪನಿ, ಡೈರೆಕ್ಟರ್‌ಗಳು, ಆಡಿಟರ್ ಎಲ್ಲರ ಮೇಲೂ ಪರಿಹಾರ ಕೇಳಬಹುದು. 100 ಜನ ಅಂದರೆ ಏನು ಮಹಾ, ಒಂದು ಗೃಹಪ್ರವೇಶಕ್ಕೆ ಅದಕ್ಕಿಂತ ಜಾಸ್ತಿ ಸೇರುತ್ತಾರೆ ಅನ್ನಿಸಬಹುದು. ಆದರೆ ಆ ನೂರು ಜನ ಒಂದೇ ಕಂಪನಿಯ ಶೇರು ಇಟ್ಟುಕೊಂಡಿರಬೇಕು, ವಕೀಲರ ಫೀಸಿಗೆ ಕೈಯಿಂದ ಹಾಕಬೇಕು, ವರ್ಷಗಟ್ಟಲೆ ಜೊತೆಗಿರಬೇಕು. ಅಮೆರಿಕದಲ್ಲಿ ವಕೀಲರು ತಮ್ಮ ಖರ್ಚಿನಲ್ಲೇ ಕೇಸು ನಡೆಸಿ ಗೆದ್ದರೆ ಅದರಲ್ಲಿ ಪಾಲು ತೆಗೆದುಕೊಳ್ಳುತ್ತಾರೆ. ನಮ್ಮಲ್ಲಿ ವಕೀಲರು ಹಾಗೆ ಪಾಲಿಗೆ ಕೇಸು ಮಾಡುವಂತಿಲ್ಲ. ಹಾಗಾಗಿ ಇಷ್ಟು ವರ್ಷದಲ್ಲಿ ಇಂಥ ಕೇಸುಗಳು ಬೆರಳೆಣಿಕೆಯಷ್ಟು.

ಅಮೆರಿಕದ ವಕೀಲರು ಹೀಗೆ ಪಾಲಿಗೆ ಕೇಸು ನಡೆಸುವುದರಿಂದ ಇನ್ನೊಂದು ಮಾತು ಹೇಳಬೇಕು. ಅಲ್ಲಿ ಶೇರು ಬಿದ್ದ ಮರುದಿನವೇ 'ನಷ್ಟ ಆದವರು ನಮ್ಮನ್ನು ಕಾಣಿ' ಅಂತ ಜಾಹೀರಾತು ಬರುತ್ತದೆ. ಹಾಗಾಗಿ ಕೇಸು ಬಿತ್ತು ಅಂದ ಮಾತ್ರಕ್ಕೆ ಕಂಪನಿ ತಪ್ಪು ಮಾಡಿದೆ ಅಂತ ಅಲ್ಲ. 2019ರ ಅಕ್ಟೋಬರ್‌ನಲ್ಲಿ ಇನ್ಫೋಸಿಸ್ ಮುಖ್ಯಸ್ಥರ ಮೇಲೆ ಒಳಗಿನವರದೆನ್ನಲಾದ ಅನಾಮಧೇಯ ದೂರು ಹೊರಬಿದ್ದು, ಶೇರು ಒಂದು ದಿನದಲ್ಲಿ ಸುಮಾರು 16 ಪರ್ಸೆಂಟ್ ಬಿತ್ತು. ಅದೇ ತಿಂಗಳು ನ್ಯೂಯಾರ್ಕ್‌ನಲ್ಲಿ ಕ್ಲಾಸ್ ಆಕ್ಷನ್ ಕೂಡ ಬಿತ್ತು. 2020ರ ಜನವರಿಯಲ್ಲಿ ಕಂಪನಿಯ ಆಡಿಟ್ ಸಮಿತಿ ಆರೋಪಕ್ಕೆ ಆಧಾರ ಇಲ್ಲ ಅಂದಿತು, ಮೇ ತಿಂಗಳಲ್ಲಿ ಕೇಸು ಹಾಕಿದವರೇ ವಾಪಸ್ ತೆಗೆದುಕೊಂಡರು. ಬಿದ್ದ ದಿನ ಹೆದರಿ ಮಾರಿದವರು ಇವತ್ತಿಗೂ ಕೈ ಹಿಸುಕಿಕೊಳ್ಳುತ್ತಿದ್ದಾರೆ. ನನಗೆ ಗೊತ್ತಿರುವವರಲ್ಲೇ ಇಬ್ಬರಿದ್ದಾರೆ, ಅವರಲ್ಲಿ ಒಬ್ಬ ನಾನೇ.

ಪ್ರಶ್ನೆ: ನನ್ನ ಮಗ ಬೆಂಗಳೂರಿನಲ್ಲಿ ಒಂದು ಲಿಸ್ಟೆಡ್ ಕಂಪನಿಯ ಕಂಪನಿ ಸೆಕ್ರೆಟರಿ. ಕಂಪನಿಗೂ ಎಂಡಿಗೂ ಇವನಿಗೂ ಸೆಬಿಯಿಂದ ನೋಟೀಸು ಬಂದಿದೆ. ಹಬ್ಬಕ್ಕೆ ಊರಿಗೆ ಬಂದವನು ಸರಿಯಾಗಿ ಊಟ ಮಾಡಲಿಲ್ಲ, ಕೇಳಿದರೆ ನಿನಗೆ ಗೊತ್ತಾಗಲ್ಲ ಬಿಡಮ್ಮ ಅಂದ. ಜೈಲಿಗೆ ಹಾಕುತ್ತಾರಾ?
ಒಬ್ಬ ತಾಯಿ, ಚಿಕ್ಕಮಗಳೂರು

ಉತ್ತರ: ಅಮ್ಮಾ, ಅದು ಪೊಲೀಸ್ ಕೇಸಲ್ಲ. ಸೆಬಿ ಶೇರುಪೇಟೆಯ ಕಾವಲುಗಾರ. ಅದು ಕಳಿಸಿರುವುದು ಶೋಕಾಸ್ ನೋಟೀಸು ಆಗಿದ್ದರೆ, 'ಹೀಗೆ ಆಗಿದೆ ಅಂತ ನಮಗೆ ಕಾಣುತ್ತಿದೆ, ನೀವು ಏನು ಹೇಳುತ್ತೀರಿ' ಅಂತ ಕೇಳಿದ್ದು ಅಷ್ಟೇ. ಉತ್ತರ ಕೊಡಬೇಕು, ವಿಚಾರಣೆ ನಡೆಯುತ್ತದೆ, ಆಮೇಲೆ ಆದೇಶ. ಸಾಮಾನ್ಯವಾಗಿ ದಂಡ, ಅಥವಾ ಇಷ್ಟು ವರ್ಷ ಶೇರುಪೇಟೆಯಲ್ಲಿ ವ್ಯವಹಾರ ಮಾಡಬಾರದು ಅನ್ನುವ ನಿರ್ಬಂಧ. ಆದೇಶ ಒಪ್ಪದಿದ್ದರೆ ಅದು ಕೈ ಸೇರಿದ 45 ದಿನದೊಳಗೆ ಮುಂಬೈಯ ಮೇಲ್ಮನವಿ ಟ್ರಿಬ್ಯೂನಲ್‌ಗೆ ಹೋಗಬಹುದು, ಕಾನೂನಿನ ಪ್ರಶ್ನೆ ಇದ್ದರೆ ಅಲ್ಲಿಂದ ಸುಪ್ರೀಂ ಕೋರ್ಟಿಗೆ. ತಪ್ಪು ಒಪ್ಪದೆ, ಅಲ್ಲಗಳೆಯದೆ ಒಂದು ಮೊತ್ತ ಕಟ್ಟಿ ರಾಜಿ ಮಾಡಿಕೊಳ್ಳುವ ದಾರಿಯೂ ಇದೆ. ಬೇರೆ ಕ್ರಿಮಿನಲ್ ಕೇಸು ಹಾಕಿ ತಪ್ಪು ಸಾಬೀತು ಮಾಡಿದರೆ ಜೈಲಿನ ಮಾತು.

ಇನ್ನು ಮುಂದಿನದನ್ನು ಮಗನಿಗೆ ಓದಿ ಹೇಳಿ, ಅಥವಾ ಫೋಟೋ ತೆಗೆದು ವಾಟ್ಸಾಪ್ ಮಾಡಿ. ಕಂಪನಿ ಕೊಟ್ಟ ವಕೀಲರನ್ನೇ ಎಂಡಿಯೂ ಇವನೂ ಇಟ್ಟುಕೊಳ್ಳುವುದು ಬೇಡ. ಎಂಡಿಗೆ ಒಳ್ಳೆಯದಾಗುವ ಉತ್ತರ ಇವನಿಗೆ ಮುಳುವಾಗಬಹುದು. 'ಈ ಕಾಗದಕ್ಕೆ ಸಹಿ ಹಾಕಿದ್ದು ಸೆಕ್ರೆಟರಿ' ಅಂತ ದೊಡ್ಡವರು ಕೈ ತೊಳೆದುಕೊಳ್ಳುವುದನ್ನು ನಾನು ನೋಡಿದ್ದೇನೆ. ಸ್ವಂತ ವಕೀಲರು ಇರಲಿ. ಕಂಪನಿ ಅಧಿಕಾರಿಗಳಿಗಾಗಿ ವಿಮೆ ಮಾಡಿಸಿದೆಯಾ, ಅದರಲ್ಲಿ ಇವನ ಹುದ್ದೆ ಸೇರಿದೆಯಾ ಅಂತ ಕೇಳಲಿ. ದೊಡ್ಡ ಸಾವಿರ ಲಿಸ್ಟೆಡ್ ಕಂಪನಿಗಳು ಸ್ವತಂತ್ರ ಡೈರೆಕ್ಟರ್‌ಗಳಿಗೆ ಅಂಥ ವಿಮೆ ಮಾಡಿಸಲೇಬೇಕು ಅನ್ನುವ ನಿಯಮ 2022ರಿಂದ ಇದೆ, ಎಷ್ಟೋ ಕಡೆ ಅದೇ ಪಾಲಿಸಿಯಲ್ಲಿ ಉಳಿದ ಅಧಿಕಾರಿಗಳೂ ಇರುತ್ತಾರೆ, ವಕೀಲರ ಖರ್ಚು ಅದರಿಂದ ಬರುತ್ತದೆ. ಹಳೇ ಇಮೇಲ್ ಒಂದನ್ನೂ ಅಳಿಸಬಾರದು. 'ಸರ್, ಇದನ್ನು ಎಕ್ಸ್‌ಚೇಂಜಿಗೆ ತಿಳಿಸಬೇಕು' ಅಂತ ಎಂದೋ ಬರೆದ ಎರಡು ಸಾಲಿನ ಮೇಲ್ ಒಂದು ಸಿಕ್ಕರೆ ಸಾಕು, ಅದಕ್ಕಿಂತ ದೊಡ್ಡ ಸಾಕ್ಷಿ ಬೇರೆ ಬೇಡ. ಮತ್ತೆ ಅವನಿಗೆ ಊಟ ಹಾಕಿ ಕಳಿಸಿ. ನಿನಗೆ ಗೊತ್ತಾಗಲ್ಲ ಬಿಡಮ್ಮ ಅಂದದ್ದು ನಿಮಗೆ ಚಿಂತೆ ಹತ್ತಬಾರದು ಅಂತ ಇರಬೇಕು.

ಪ್ರಶ್ನೆ: ಬ್ರೋ, ಕೇಸಿನಲ್ಲಿರುವ ಕಂಪನಿಗಳ ಶೇರು ಈಗ ಐದು ಹತ್ತು ರೂಪಾಯಿಗೆ ಸಿಗುತ್ತಿವೆ. ಕೇಸು ಮುಗಿದರೆ ಹತ್ತು ಪಟ್ಟು ಆಗುತ್ತೆ ಅಂತ ನಮ್ಮ ಟೆಲಿಗ್ರಾಂ ಗುಂಪಿನ ಅಡ್ಮಿನ್ ಹೇಳುತ್ತಾರೆ. ಶುಂಠಿ ದುಡ್ಡು ಬಂದಿದೆ, ಹಾಕಲಾ?
ಸಕಲೇಶಪುರದ ಯುವಕ

ಉತ್ತರ: ಬೇಡ.

ಕಾರಣ ಬೇಕಾದರೆ ಮೇಲೆ ಬರೆದ ಡಿಎಚ್‌ಎಫ್‌ಎಲ್‌ಗೆ ವಾಪಸ್ ಹೋಗೋಣ. ಶೇರುದಾರರಿಗೆ ಏನೂ ಇಲ್ಲ ಅನ್ನುವ ಯೋಜನೆಗೆ ಟ್ರಿಬ್ಯೂನಲ್ 2021ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟ ಮೇಲೂ ಜನ 'ಕಂಪನಿ ಉಳೀತು' ಅಂತ ಆ ಶೇರನ್ನು ಮುಗಿಬಿದ್ದು ಕೊಂಡರು. ಕಂಪನಿ ಉಳಿಯಿತು ನಿಜ. ಶೇರು ಉಳಿಯಲಿಲ್ಲ. ಕೆಲವೇ ದಿನದಲ್ಲಿ ವ್ಯವಹಾರ ನಿಂತು, ಇದ್ದ ಶೇರೆಲ್ಲ ರದ್ದಾಯಿತು.

ಹಾಗಂತ ಕೇಸು ಅಂದರೆ ಎಲ್ಲ ಮುಗಿಯಿತು ಅಂತಲೂ ಅಲ್ಲ. ಅದಕ್ಕೆ ಉದಾಹರಣೆ ಹುಡುಕಿಕೊಂಡು ನಮ್ಮ ಕಡೆಯವರು ದೂರ ಹೋಗಬೇಕಿಲ್ಲ. ಕಾಫಿ ಡೇ ಎಂಟರ್‌ಪ್ರೈಸಸ್ 2015ರಲ್ಲಿ 328 ರೂಪಾಯಿಗೆ ಶೇರು ಕೊಟ್ಟು ಪೇಟೆಗೆ ಬಂತು. 2019ರ ಜುಲೈನಲ್ಲಿ ಅದರ ಸ್ಥಾಪಕ ಸಿದ್ಧಾರ್ಥ ಅವರು ತೀರಿಕೊಂಡ ಸುದ್ದಿ ಬಂದ ದಿನ ಚಿಕ್ಕಮಗಳೂರು ಹೇಗೆ ಮೌನವಾಗಿತ್ತು ಅನ್ನುವುದು ನಿಮ್ಮ ಮನೆಯ ಹಿರಿಯರಿಗೆ ಗೊತ್ತಿರುತ್ತದೆ. ಮುಂದಿನ ವರ್ಷ ಶೇರು ವ್ಯವಹಾರವೇ ನಿಂತಿತು, ಮತ್ತೆ ಶುರುವಾಗಿದ್ದು 2021ರ ಏಪ್ರಿಲ್‌ನಲ್ಲಿ. ಅಷ್ಟು ದಿನ ಮಾರಬೇಕು ಅಂದರೂ ಮಾರುವಂತಿರಲಿಲ್ಲ. ಈ ನಡುವೆ ಅವರ ಪತ್ನಿ ಮಾಳವಿಕಾ ಹೆಗ್ಡೆ ಅವರ ಕಾಲದಲ್ಲಿ 7,000 ಕೋಟಿ ದಾಟಿದ್ದ ಸಾಲ 2,000 ಕೋಟಿಗಿಂತ ಕೆಳಗೆ ಬಂತು. 2023ರ ಜನವರಿಯಲ್ಲಿ ಸೆಬಿ, ಏಳು ಅಂಗಸಂಸ್ಥೆಗಳಿಂದ 3,535 ಕೋಟಿ ರೂಪಾಯಿ ಪ್ರವರ್ತಕರಿಗೆ, ಅಂದರೆ ಕಂಪನಿ ಕಟ್ಟಿದವರಿಗೆ, ಸೇರಿದ ಇನ್ನೊಂದು ಕಂಪನಿಗೆ ಹೋಗಿದೆ ಅಂತ ಹೇಳಿ 26 ಕೋಟಿ ದಂಡ ಹಾಕಿತು. ದಂಡ ಬಿದ್ದದ್ದು ಕಂಪನಿಗೆ. ಅಂದರೆ ಲೆಕ್ಕದಲ್ಲಿ ಅದರ ಭಾರ ಶೇರುದಾರರ ಮೇಲೇ ಬೀಳುತ್ತದೆ, ನನಗಂತೂ ಇದು ಇವತ್ತಿಗೂ ಒಗ್ಗದ ನಿಯಮ. 2024ರ ಆಗಸ್ಟ್‌ನಲ್ಲಿ ಬೆಂಗಳೂರಿನ ಎನ್‌ಸಿಎಲ್‌ಟಿ ದಿವಾಳಿ ಅರ್ಜಿ ಒಪ್ಪಿತು, ಒಂದು ವಾರದಲ್ಲಿ ಮೇಲಿನ ಟ್ರಿಬ್ಯೂನಲ್ ತಡೆ ಕೊಟ್ಟಿತು, 2025ರ ಫೆಬ್ರವರಿಯಲ್ಲಿ ಆ ಆದೇಶವನ್ನೇ ರದ್ದು ಮಾಡಿತು. ಇಷ್ಟು ಏರಿಳಿತವನ್ನು ಟೆಲಿಗ್ರಾಂನಲ್ಲಿ ಕೂತು ಮುಂಚಿತವಾಗಿ ಹೇಳುವವನು ಇನ್ನೂ ಹುಟ್ಟಿಲ್ಲ.

ಕೊಳ್ಳಲೇಬೇಕು ಅನ್ನುವ ಹಟ ಇದ್ದರೆ ಒಂದು ಸಂಜೆ ಕೂತು ಓದಿ. ಮುಂಬೈ ಶೇರುಪೇಟೆಯ, ಅಂದರೆ ಬಿಎಸ್‌ಇಯ, ವೆಬ್‌ಸೈಟಿನಲ್ಲಿ ಕಂಪನಿಯ ಹೆಸರು ಹಾಕಿದರೆ ಅದು ಕೊಟ್ಟ ಪ್ರಕಟಣೆಗಳೆಲ್ಲ ಪುಕ್ಕಟೆ ಸಿಗುತ್ತವೆ, ದೊಡ್ಡ ಕೇಸುಗಳನ್ನು ಅಲ್ಲಿ ತಿಳಿಸಲೇಬೇಕು. ವಾರ್ಷಿಕ ವರದಿಯ ಮುಂದಿನ ಬಣ್ಣದ ಪುಟಗಳನ್ನು ಬಿಟ್ಟು ಸೀದಾ ಹಿಂದಕ್ಕೆ ಹೋಗಿ. 'ಕಂಟಿಂಜೆಂಟ್ ಲಯಬಿಲಿಟೀಸ್' ಅನ್ನುವ ಟಿಪ್ಪಣಿ ಸಿಗುತ್ತದೆ, ಸೋತರೆ ಎಷ್ಟು ಕೊಡಬೇಕಾಗಬಹುದು ಅನ್ನುವ ಲೆಕ್ಕ ಅಲ್ಲಿರುತ್ತದೆ. ಆಡಿಟರ್ ತಕರಾರು ಬರೆದಿದ್ದಾರಾ, ಪ್ರವರ್ತಕರು ತಮ್ಮ ಶೇರನ್ನು ಎಷ್ಟು ಅಡ ಇಟ್ಟಿದ್ದಾರೆ, ನೋಡಿ. ಕೇಸು ಹಾಕಿದವರು ಯಾರು ಅಂತಲೂ ನೋಡಿ. ಬ್ಯಾಂಕು ಹಾಕಿದ್ದರೆ ದುಡ್ಡು ಕಂಪನಿಯಿಂದ ಹೊರಗೆ ಹೋಗುವ ಕೇಸು ಅದು. ಕಂಪನಿಯೇ ಯಾರ ಮೇಲಾದರೂ ವಸೂಲಿಗೆ ಹಾಕಿದ್ದರೆ ಒಳಗೆ ಬರಬಹುದಾದ ಕೇಸು. ಎರಡಕ್ಕೂ ಪೇಪರಿನವರು 'ಕಾನೂನು ಸಮರ' ಅಂತ ಒಂದೇ ಹೆಡ್ಡಿಂಗ್ ಹಾಕುತ್ತಾರೆ.

ಮತ್ತೆ ನಿಮ್ಮ ಅಡ್ಮಿನ್ ಹತ್ತಿರ ಒಂದು ವಿಷಯ ಕೇಳಿ: ಆ ಶೇರನ್ನು ಅವರು ಯಾವ ತಾರೀಕು ಕೊಂಡರು, ನಿಮಗೆ ಯಾವ ತಾರೀಕು ಹೇಳಿದರು. ಗುಂಪಿನಿಂದ ನಿಮ್ಮನ್ನು ಹೊರಗೆ ಹಾಕದೆ ಉತ್ತರ ಕೊಟ್ಟರೆ ನನಗೂ ಬರೆದು ಕಳಿಸಿ, ಮುಂದಿನ ತಿಂಗಳು ಇಲ್ಲೇ ಹಾಕೋಣ.